ಅಡಕಮುದ್ರಿಕೆಯಲ್ಲಿ ಸಂಶೋಧನ ಸಾಮಗ್ರಿಯ ರಕ್ಷಣೆ: ಒಂದು ವಿವೇಚನೆ

1. ಪ್ರವೇಶ

ಕಳೆದ ಎರಡೂವರೆ ದಶಕಗಳಲ್ಲಿ ಕನ್ನಡ ಸಂಶೋಧನೆಯ ಸಾಮಗ್ರಿ ಬಹುಮಟ್ಟಿಗೆ ಕಾಗದದಿಂದ ಕಂಪ್ಯೂಟರಿಗೆ ವರ್ಗವಾಗಿದೆ. ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಹಾಡು ಕಥನಗಳ ಧ್ವನಿಮುದ್ರಣ, ಹಸ್ತಪ್ರತಿಗಳ ಛಾಯಾಪ್ರತಿ, ಶಾಸನಪಾಠ, ಪದಸೂಚಿ, ಮಹಾಪ್ರಬಂಧದ ಕರಡು ಇವೆಲ್ಲ ಇಂದು ಕಡತಗಳ ರೂಪದಲ್ಲಿವೆ. 2000ದ ನಂತರದ ಹತ್ತು ಹದಿನೈದು ವರ್ಷಗಳಲ್ಲಿ ಇಂಥ ಕಡತಗಳನ್ನು ಕಾಪಿಡಲು ಅಧ್ಯಾಪಕರೂ ಸಂಶೋಧಕರೂ ಹೆಚ್ಚಾಗಿ ನೆಚ್ಚಿಕೊಂಡದ್ದು ಸಿ.ಡಿ. ಮತ್ತು ಡಿ.ವಿ.ಡಿ.ಗಳನ್ನು. ಮಹಾಪ್ರಬಂಧದ ಮುದ್ರಿತ ಪ್ರತಿಯೊಂದಿಗೆ ಅದರ ಸಿ.ಡಿ.ಯನ್ನೂ ಸಲ್ಲಿಸುವ ಪದ್ಧತಿ ಹಲವೆಡೆ ಬೆಳೆದುಬಂತು. ಹೀಗೆ ವಿಭಾಗಗಳ ಕಪಾಟುಗಳಲ್ಲಿ, ವಿದ್ವಾಂಸರ ಮನೆಗಳಲ್ಲಿ ಈ ತಟ್ಟೆಗಳು ರಾಶಿಯಾಗಿ ಸೇರಿಕೊಂಡಿವೆ.

ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಈ ಮೂರನ್ನೂ ಪ್ರಸ್ತುತ ಲೇಖನದಲ್ಲಿ ಒಟ್ಟಾಗಿ ಅಡಕಮುದ್ರಿಕೆ ಎಂದೂ, ಬ್ಯಾಕಪ್ ಎಂದು ರೂಢಿಯಲ್ಲಿರುವ ಕ್ರಿಯೆಯಿಂದ ದೊರೆಯುವ ಪ್ರತಿಯನ್ನು ರಕ್ಷಣಾಪ್ರತಿ ಎಂದೂ ಕರೆಯಲಾಗಿದೆ. ಅಡಕಮುದ್ರಿಕೆಯ ರಚನೆ ಎಂಥದು, ಅದು ಏಕೆ ಕೆಡುತ್ತದೆ, ಕನ್ನಡ ಪಠ್ಯಕ್ಕೆ ಅದರಲ್ಲಿ ಒದಗುವ ವಿಶೇಷ ತೊಡಕು ಯಾವುದು, ಈಗ ಕೈಗೊಳ್ಳಬೇಕಾದ ಕ್ರಮಗಳೇನು ಎಂಬುದನ್ನು ವಿವರಿಸುವುದು ಇಲ್ಲಿನ ಉದ್ದೇಶ. ಒಮ್ಮೆ ಬರೆದಿಟ್ಟರೆ ಶಾಶ್ವತವಾಗಿ ಉಳಿಯುವುದೆಂದು ಭಾವಿಸಿ ಅಡಕಮುದ್ರಿಕೆಯನ್ನು ನಾವು ಶಾಸನದ ಸಾಲಿಗೆ ಸೇರಿಸಿದೆವು. ಅದರ ನಿಜವಾದ ಸ್ವಭಾವ ಓಲೆಗರಿಗೆ ಹತ್ತಿರವಾದದ್ದು. ಓಲೆಗರಿಯ ಪಠ್ಯ ಉಳಿದದ್ದು ಮರುಪ್ರತಿಯಿಂದ. ಅಡಕಮುದ್ರಿಕೆಯ ಪಠ್ಯ ಉಳಿಯಬೇಕಾದರೂ ಮರುಪ್ರತಿಯೊಂದೇ ದಾರಿ ಎಂಬುದು ಈ ಲೇಖನದ ಪ್ರತಿಪಾದನೆ.

2. ಅಡಕಮುದ್ರಿಕೆಯ ರಚನೆ

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಸಂಗೀತದ ಮಾಧ್ಯಮವಾಗಿ ಮಾರುಕಟ್ಟೆಗೆ ಬಂದಿತು. ಅದರ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಗೆರೆಯಲ್ಲಿ ಮಾಹಿತಿಯನ್ನು ದಾಖಲಿಸಲಾಗುತ್ತದೆ. ಈ ಗೆರೆಯನ್ನು ನೇರಗೊಳಿಸಿದರೆ ಅದರ ಉದ್ದ 5 ಕಿಲೋಮೀಟರನ್ನೂ ಮೀರುತ್ತದೆ. ಲೇಸರ್ ಕಿರಣ ಆ ಗೆರೆಯ ಮೇಲೆ ಹಾಯ್ದು, ಹಿಂದಿರುಗಿ ಬರುವ ಬೆಳಕಿನ ಹೆಚ್ಚು ಕಡಿಮೆಯನ್ನು ಗುರುತಿಸಿ ಸೊನ್ನೆ ಮತ್ತು ಒಂದುಗಳನ್ನು ಓದುತ್ತದೆ. ಕಿರಣದ ತರಂಗಾಂತರ ಕಿರಿದಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಎಳೆಯಲು ಸಾಧ್ಯ. ಸಿ.ಡಿ.ಯಲ್ಲಿ 780, ಡಿ.ವಿ.ಡಿ.ಯಲ್ಲಿ 650, ಬ್ಲೂ-ರೇಯಲ್ಲಿ 405 ನ್ಯಾನೋಮೀಟರ್ ತರಂಗಾಂತರದ ಕಿರಣ ಬಳಕೆಯಾಗುತ್ತದೆ. ಆದ್ದರಿಂದಲೇ ಒಂದೇ ಗಾತ್ರದ ತಟ್ಟೆಯಲ್ಲಿ ಕ್ರಮವಾಗಿ 700 ಮೆಗಾಬೈಟ್, 4.7 ಗಿಗಾಬೈಟ್, 25 ಗಿಗಾಬೈಟ್ ಮಾಹಿತಿ ಹಿಡಿಯುತ್ತದೆ. ಒಂದೇ ಪದರದ ಮುದ್ರಿಕೆಗಳಿಗೆ ಸಂಬಂಧಿಸಿದ ಲೆಕ್ಕವಿದು.

ಅಂಗಡಿಯಲ್ಲಿ ಕೊಳ್ಳುವ ಹಾಡಿನ ಸಿ.ಡಿ.ಗೂ ನಾವು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಸಿ.ಡಿ.ಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಮೊದಲನೆಯದನ್ನು ಕಾರ್ಖಾನೆಯಲ್ಲಿ ಅಚ್ಚಿನಿಂದ ಒತ್ತಿ ತಯಾರಿಸುತ್ತಾರೆ. ಅದರಲ್ಲಿ ಗುಳಿಗಳು ಪ್ಲಾಸ್ಟಿಕ್ಕಿನ ಮೇಲೆಯೇ ಮೂಡಿರುತ್ತವೆ. ಎರಡನೆಯದರಲ್ಲಿ ಗುಳಿಗಳಿಲ್ಲ. ಪ್ಲಾಸ್ಟಿಕ್ ತಟ್ಟೆಗೂ ಲೋಹದ ತೆಳುಪದರಕ್ಕೂ ನಡುವೆ ಸಾವಯವ ಬಣ್ಣದ ಒಂದು ಲೇಪವಿರುತ್ತದೆ. ಬರೆಯುವ ಕಿರಣ ಈ ಬಣ್ಣವನ್ನು ಅಲ್ಲಲ್ಲಿ ಕಾಯಿಸಿ ಅದರ ಗುಣವನ್ನು ಬದಲಿಸುತ್ತದೆ. ಈ ಬದಲಾವಣೆಯೇ ಅಲ್ಲಿನ ಬರೆಹ. ಬಣ್ಣಕ್ಕೆ ಬಿಸಿಲು, ಸೆಕೆ, ತೇವ ಮೂರೂ ಶತ್ರುಗಳು. ಮಳಿಗೆಯಿಂದ ತಂದ ಹಳೆಯ ಸಿ.ಡಿ. ಇಂದಿಗೂ ಹಾಡುತ್ತಿರುವಾಗ ಅದೇ ಕಾಲದಲ್ಲಿ ನಾವು ಬರೆದುಕೊಂಡ ಸಿ.ಡಿ. ಮೂಕವಾಗುವುದಕ್ಕೆ ಈ ವ್ಯತ್ಯಾಸವೇ ಮುಖ್ಯ ಕಾರಣವಾಗಿರಬಹುದು. ಅಳಿಸಿ ಬರೆಯಬಲ್ಲ ಮುದ್ರಿಕೆಗಳಲ್ಲಿ ಬಣ್ಣದ ಬದಲು ಮಿಶ್ರಲೋಹದ ಪದರವಿರುತ್ತದೆ. ಅಳಿಸಲು ಬರುವ ಮಾಧ್ಯಮ ದೀರ್ಘಕಾಲದ ರಕ್ಷಣೆಗೆ ತಕ್ಕುದಲ್ಲ.

3. ಕೆಡುವ ಬಗೆ

ಸಿ.ಡಿ.ಯ ಹೊಳೆಯುವ ಅಡಿಭಾಗವನ್ನು ಗೀರಿನಿಂದ ಕಾಪಾಡಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಮೇಲ್ಭಾಗಕ್ಕೆ ತೀರ ಹತ್ತಿರದಲ್ಲಿ. ಅದರ ಮೇಲಿರುವುದು ತೆಳುವಾದ ಅರಗಿನಂಥ ಲೇಪವಷ್ಟೆ. ಆದ್ದರಿಂದ ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆಯುವುದು, ಗೋಂದು ಸವರಿದ ಚೀಟಿ ಅಂಟಿಸಿ ಮತ್ತೆ ಕೀಳುವುದು ಅಡಿಭಾಗದ ಗೀರಿಗಿಂತ ಹೆಚ್ಚು ಅಪಾಯಕರ. ಡಿ.ವಿ.ಡಿ.ಯಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಇರುತ್ತದೆಯಾದ್ದರಿಂದ ಮೇಲಿನ ಗೀರಿನ ಭಯ ಕಡಿಮೆ. ಆದರೆ ಬಾಗಿಸಿದರೆ ಅಂಟು ಬಿಡುವ ಸಾಧ್ಯತೆಯುಂಟು.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2003ರಲ್ಲಿ ಗ್ರಂಥಪಾಲಕರಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ ದೀರ್ಘಕಾಲದ ಸಂಗ್ರಹಣೆಗೆ 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ಶೇಕಡಾ 20ರಿಂದ 50ರಷ್ಟು ತೇವಾಂಶವನ್ನೂ ಸೂಚಿಸಲಾಗಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಕಪಾಟುಗಳನ್ನೂ ಮಳೆಗಾಲದಲ್ಲಿ ಗೋಡೆಯೇ ಬೆವರುವ ಕರಾವಳಿಯ ಕೋಣೆಗಳನ್ನೂ ಈ ಅಳತೆಯೊಂದಿಗೆ ಹೋಲಿಸಿದರೆ ನಮ್ಮ ಸಂಗ್ರಹಗಳ ಸ್ಥಿತಿ ತಾನಾಗಿ ಸ್ಪಷ್ಟವಾಗುತ್ತದೆ. ತಯಾರಕರು ಹೇಳುತ್ತಿದ್ದ ನೂರು, ಇನ್ನೂರು ವರ್ಷಗಳ ಆಯುಷ್ಯ ಆದರ್ಶ ಪರಿಸ್ಥಿತಿಯನ್ನು ಆಧರಿಸಿದ ಅಂದಾಜು. ನಮ್ಮ ಹವೆಯಲ್ಲಿ ಅದನ್ನು ನಂಬಿ ಕೂರಲಾಗದು.

ಇನ್ನೊಂದು ಅಂಶ ಇದಕ್ಕಿಂತ ಮಹತ್ವದ್ದು. ಅಡಕಮುದ್ರಿಕೆ ತನ್ನ ಸವೆತವನ್ನು ಹೊರಗೆ ತೋರಗೊಡುವುದಿಲ್ಲ. ದಾಖಲಿಸುವಾಗ ಮಾಹಿತಿಯ ಜೊತೆಗೆ ದೋಷ ತಿದ್ದುವ ಹೆಚ್ಚುವರಿ ಸಂಕೇತಗಳನ್ನೂ ಸೇರಿಸಿರುತ್ತಾರೆ. ಇದರ ಬಲದಿಂದ ಸಿ.ಡಿ.ಯ ಗೆರೆಯಲ್ಲಿ ಸುಮಾರು 2.5 ಮಿಲಿಮೀಟರ್ ಉದ್ದದ ಭಾಗ ಅಳಿಸಿಹೋದರೂ ಯಂತ್ರ ಮೂಲವನ್ನು ಯಥಾವತ್ತಾಗಿ ಕಟ್ಟಿಕೊಡಬಲ್ಲದು. ಇದು ವರವೂ ಹೌದು, ತೊಡಕೂ ಹೌದು. ಓಲೆಗರಿಗೆ ಹುಳು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಅಂಚು ಮುರಿದರೆ ಕೈಗೆ ತಿಳಿಯುತ್ತದೆ. ಮುದ್ರಿಕೆಯ ದೋಷಗಳು ತಿದ್ದುವ ಶಕ್ತಿಯ ಮಿತಿಯೊಳಗೆ ಇರುವವರೆಗೆ ಎಲ್ಲವೂ ಸರಿಯಿರುವಂತೆ ತೋರಿ, ಮಿತಿ ಮೀರಿದ ದಿನ ಕಡತವೇ ತೆರೆಯದಾಗುತ್ತದೆ. ಆದ್ದರಿಂದ ಮುದ್ರಿಕೆ ಚೆನ್ನಾಗಿ ಓದುತ್ತಿರುವ ಕಾಲವೇ ಅದನ್ನು ಮರುಪ್ರತಿ ಮಾಡಬೇಕಾದ ಕಾಲ.

4. ಓದುವ ಯಂತ್ರದ ಪ್ರಶ್ನೆ

ತಟ್ಟೆ ಉಳಿದರೂ ಅದನ್ನು ಓದುವ ಸಲಕರಣೆ ಉಳಿಯಬೇಕಷ್ಟೆ. ಇದಕ್ಕೆ ಬ್ರಿಟನ್ನಿನ ಒಂದು ನಿದರ್ಶನ ಪ್ರಸಿದ್ಧವಾಗಿದೆ. 1086ರಲ್ಲಿ ಇಂಗ್ಲೆಂಡಿನ ಭೂಮಿ ಕಾಣಿಗಳ ಸಮೀಕ್ಷೆ ನಡೆದು ಡೂಮ್ಸ್‌ಡೇ ಬುಕ್ ಎಂಬ ದಾಖಲೆ ಸಿದ್ಧವಾಯಿತು. ಅದರ 900ನೆಯ ವರ್ಷದ ನೆನಪಿಗಾಗಿ ಬಿ.ಬಿ.ಸಿ. ಸಂಸ್ಥೆ 1986ರಲ್ಲಿ ಶಾಲಾಮಕ್ಕಳ ನೆರವಿನಿಂದ ಹೊಸ ಸಮೀಕ್ಷೆಯೊಂದನ್ನು ನಡೆಸಿ, ಬರೆಹ, ಚಿತ್ರ, ನಕ್ಷೆಗಳನ್ನು ದೊಡ್ಡ ಗಾತ್ರದ ಲೇಸರ್ ತಟ್ಟೆಗಳಲ್ಲಿ ದಾಖಲಿಸಿತು. ಅವನ್ನು ಓದಲು ವಿಶೇಷವಾದ ಫಿಲಿಪ್ಸ್ ಯಂತ್ರವೂ ಅಂದಿನ ಬಿ.ಬಿ.ಸಿ. ಮಾಸ್ಟರ್ ಕಂಪ್ಯೂಟರೂ ಬೇಕಾಗಿದ್ದವು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಈ ಸಲಕರಣೆಗಳು ವಿರಳವಾದವು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2002ರ ವೇಳೆಗೆ ಆ ಹಳೆಯ ಕಂಪ್ಯೂಟರಿನ ವರ್ತನೆಯನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ ಬರೆದು ಅದನ್ನು ಮತ್ತೆ ಓದಿಸಬೇಕಾಯಿತು. ಒಂಬೈನೂರು ವರ್ಷಗಳ ಚರ್ಮಪತ್ರವನ್ನು ಓದಬಲ್ಲವರು ಇದ್ದರು. ಹದಿನೈದು ವರ್ಷಗಳ ತಟ್ಟೆಯನ್ನು ಓದುವುದು ಕಷ್ಟವಾಯಿತು.

ಸಿ.ಡಿ. ಮತ್ತು ಡಿ.ವಿ.ಡಿ.ಗಳು ಜಗತ್ತಿನಾದ್ಯಂತ ಕೋಟ್ಯಂತರ ಸಂಖ್ಯೆಯಲ್ಲಿ ಬಳಕೆಯಾದುದರಿಂದ ನಮ್ಮ ಸ್ಥಿತಿ ಅಷ್ಟು ವಿಷಮವಾಗಿಲ್ಲ. ಆದರೂ ಸಮಯ ಕಿರಿದಾಗುತ್ತಿದೆ. ಇಂದು ಮಾರಾಟವಾಗುವ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಮುದ್ರಿಕೆ ಹಾಕುವ ಜಾಗವೇ ಇರುವುದಿಲ್ಲ, ಯು.ಎಸ್.ಬಿ. ಮೂಲಕ ಜೋಡಿಸುವ ಹೊರಗಿನ ಡ್ರೈವನ್ನು ಅವಲಂಬಿಸಬೇಕಾಗಿದೆ. ಬ್ಲೂ-ರೇಯನ್ನು ರೂಪಿಸಿದವರಲ್ಲಿ ಒಂದಾದ ಸೋನಿ ಸಂಸ್ಥೆ ಬರೆಯಬಲ್ಲ ಬ್ಲೂ-ರೇ ಮುದ್ರಿಕೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹಳೆಯ ಮುದ್ರಿಕೆಗಳನ್ನು ಸುಲಭವಾಗಿ ಓದಿಕೊಳ್ಳುವ ಅವಕಾಶ ಇನ್ನೂ ಇದೆ. ಅದು ಹೀಗೆಯೇ ಮುಂದುವರಿಯುವುದೆಂದು ಭಾವಿಸಲು ಆಧಾರವಿಲ್ಲ.

5. ಕನ್ನಡ ಪಠ್ಯದ ವಿಶೇಷ ತೊಡಕು

ತಟ್ಟೆಯೂ ಯಂತ್ರವೂ ಸರಿಯಿದ್ದು ಕಡತ ತೆರೆದರೂ ಕನ್ನಡ ಕಾಣಿಸದಿರುವುದು ನಮಗೆ ಮಾತ್ರ ವಿಶಿಷ್ಟವಾದ ಸಮಸ್ಯೆಯಲ್ಲದಿದ್ದರೂ ನಮ್ಮನ್ನು ತೀವ್ರವಾಗಿ ಕಾಡುವ ಸಮಸ್ಯೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ರೋಮನ್ ಅಕ್ಷರಗಳಿಗೂ ಇತರ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಅಂಥ ಕಡತದಲ್ಲಿ ವಾಸ್ತವವಾಗಿ ದಾಖಲಾಗಿರುವುದು ರೋಮನ್ ಚಿಹ್ನೆಗಳ ಸಂಖ್ಯೆಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಅಕ್ಷರಶೈಲಿ. ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಡ್ಡಾರಾಧನೆಯ ಪದಸೂಚಿಯೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಎಲ್ಲ ತಂತ್ರಾಂಶಗಳ ಸ್ಥಾನವಿನ್ಯಾಸವೂ ಒಂದೇ ಆಗಿರಲಿಲ್ಲ.

ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ. ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಸೇರಿದ್ದು, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಅಕ್ಷರಶೈಲಿಯೊಂದಿಗೆ ಅದನ್ನು ತೋರಿಸುತ್ತಿತ್ತು. ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೂ ಅಲ್ಲಿ ಸ್ಥಾನವಿದೆ. ೞ ಅಕ್ಷರದ ಹೆಸರನ್ನು ಮಾತ್ರ ಮೊದಲು ತಪ್ಪಾಗಿ ದಾಖಲಿಸಿ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ. ಹಳೆಯ ಮುದ್ರಿಕೆಗಳಲ್ಲಿನ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದು ಅಗತ್ಯ. ಆದರೆ ಪರಿವರ್ತನೆಯೂ ಒಂದು ಬಗೆಯ ಪ್ರತಿ ಮಾಡುವಿಕೆಯೇ ಆದುದರಿಂದ ಅದರಲ್ಲಿ ಲಿಪಿಕಾರದೋಷಗಳು ನುಸುಳುತ್ತವೆ. ಅರ್ಕಾವೊತ್ತು, ರಕಾರದ ಮುಂದಿನ ಒತ್ತಕ್ಷರ, ಱ-ೞಗಳು, ಕನ್ನಡದ ಅಂಕಿಗಳು ಇವುಗಳನ್ನು ಪರಿವರ್ತಿತ ಪಠ್ಯದಲ್ಲಿ ಮೊದಲು ಪರಿಶೀಲಿಸಬೇಕು. ಮೂಲಕಡತವನ್ನು ಅದರ ಅಕ್ಷರಶೈಲಿಯ ಸಮೇತ ಉಳಿಸಿಕೊಂಡು, ಪರಿವರ್ತಿತ ಪಠ್ಯವನ್ನು ಅದರ ಪಕ್ಕದಲ್ಲಿಡುವುದು ಗ್ರಂಥಸಂಪಾದನೆಯ ಶಿಸ್ತಿಗೆ ಅನುಗುಣವಾದ ಕ್ರಮ. ಇವೆರಡರ ಜೊತೆಗೆ ಅಕ್ಷರಶೈಲಿಯನ್ನು ತನ್ನೊಳಗೇ ಅಡಕಗೊಳಿಸಿಕೊಳ್ಳುವ ಪಿ.ಡಿ.ಎಫ್. ಪ್ರತಿಯನ್ನೂ ಇಟ್ಟರೆ ಪುಟದ ಮೂಲರೂಪ ಉಳಿಯುತ್ತದೆ.

6. ಧ್ವನಿಮುದ್ರಣಗಳು

ಪಠ್ಯವನ್ನು ಮುದ್ರಿತ ಪ್ರತಿಯಿಂದ ಮತ್ತೆ ಕೂಡಿಸಬಹುದು. ಒಬ್ಬ ಹಾಡುಗಾರರಿಂದ ಇಪ್ಪತ್ತು ವರ್ಷಗಳ ಹಿಂದೆ ಧ್ವನಿಮುದ್ರಿಸಿಕೊಂಡ ಮಂಟೇಸ್ವಾಮಿ ಕಾವ್ಯದ ಭಾಗವನ್ನು ಅವರು ತೀರಿಕೊಂಡ ಮೇಲೆ ಮತ್ತೆ ಪಡೆಯಲಾಗದು. ಬರೆದು ಮುದ್ರಿಸಿದ ಪಾಠದಲ್ಲಿ ಸೊಲ್ಲು ಸಿಗುತ್ತದೆ. ರಾಗ, ನಿಲುಗಡೆ, ತಂಬೂರಿಯ ನಾದ, ಕೇಳುವವರ ಹೂಂಗುಟ್ಟುವಿಕೆ ಸಿಗುವುದಿಲ್ಲ. ನಮ್ಮ ಕಪಾಟುಗಳಲ್ಲಿರುವ ಮುದ್ರಿಕೆಗಳ ಪೈಕಿ ಅತ್ಯಂತ ಅಮೂಲ್ಯವಾದವು ಇವೇ.

ಇವುಗಳ ವಿಷಯದಲ್ಲಿ ಎರಡು ತಾಂತ್ರಿಕ ಅಂಶಗಳನ್ನು ಅರಿತಿರಬೇಕು. ಮೊದಲನೆಯದು ಗಾತ್ರ. ಸಂಗೀತದ ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿಗೆ ಸುಮಾರು 635 ಮೆಗಾಬೈಟ್ ಬೇಕು. ರಾತ್ರಿಯಿಡೀ, ಎಂದರೆ ಎಂಟು ಗಂಟೆ ಹಾಡಿದ ಕಥನಕ್ಕೆ 5 ಗಿಗಾಬೈಟಿಗೂ ಹೆಚ್ಚು ಬೇಕಾಗುವುದರಿಂದ ಅದು ಒಂದು ಸಾಧಾರಣ ಡಿ.ವಿ.ಡಿ.ಯಲ್ಲಿ ಹಿಡಿಸದು. ಜಾಗ ಉಳಿಸಲೆಂದು ಎಂ.ಪಿ.3 ರೂಪಕ್ಕೆ ಕುಗ್ಗಿಸಿದಾಗ ಧ್ವನಿಯ ಕೆಲವು ಅಂಶಗಳು ಶಾಶ್ವತವಾಗಿ ಕಳೆದುಹೋಗುತ್ತವೆ. ಮೂಲವನ್ನು ಕುಗ್ಗಿಸದ ವೇವ್ ರೂಪದಲ್ಲಿಟ್ಟು, ಕೇಳುವ ಅನುಕೂಲಕ್ಕೆ ಬೇರೊಂದು ಎಂ.ಪಿ.3 ಪ್ರತಿ ಮಾಡಿಕೊಳ್ಳುವುದು ಉಚಿತ. ಎರಡನೆಯದು ದಾಖಲೆಯ ಬಗೆ. ಟೇಪ್‌ರೆಕಾರ್ಡರಿನ ಬದಲು ಸಿ.ಡಿ. ಪ್ಲೇಯರಿನಲ್ಲಿ ಕೇಳುವಂತೆ ಆಡಿಯೋ ಸಿ.ಡಿ.ಯಾಗಿ ಬರೆದಾಗ ದೋಷ ತಿದ್ದುವ ಸಂಕೇತಗಳು ಕಡತಗಳ ಸಿ.ಡಿ.ಗಿಂತ ಕಡಿಮೆ ಇರುತ್ತವೆ. ಓದಲಾಗದ ಚೂರುಗಳನ್ನು ಯಂತ್ರ ಅಕ್ಕಪಕ್ಕದ ಧ್ವನಿಯಿಂದ ಊಹಿಸಿ ತುಂಬಿಬಿಡುತ್ತದೆ. ಕೇಳುಗರಿಗೆ ಇದು ಗೊತ್ತಾಗದಿರಬಹುದು, ಆದರೆ ಸಂಶೋಧಕರ ದೃಷ್ಟಿಯಿಂದ ಅದು ಪ್ರಕ್ಷಿಪ್ತ. ಆದ್ದರಿಂದ ಆಡಿಯೋ ಸಿ.ಡಿ.ಗಳನ್ನು ಕಡತಗಳ ಸಿ.ಡಿ.ಗಳಿಗಿಂತ ಮೊದಲು ಮರುಪ್ರತಿ ಮಾಡಬೇಕು.

7. ಹಳೆಯ ಪರಂಪರೆಯ ಪಾಠ

9ನೆಯ ಶತಮಾನದ ಕವಿರಾಜಮಾರ್ಗದ ಆ ಕಾಲದ ಓಲೆ ಯಾವುದೂ ನಮಗೆ ದೊರೆತಿಲ್ಲ. ಕೃತಿ ಉಳಿದದ್ದು ತಲೆಮಾರಿನಿಂದ ತಲೆಮಾರಿಗೆ ಲಿಪಿಕಾರರು ಮಾಡಿದ ಪ್ರತಿಗಳಿಂದ. 10ನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿಯನ್ನು ನಾವು ದಾನದ ಪ್ರಸಂಗವಾಗಿ ಬೋಧಿಸುತ್ತ ಬಂದಿದ್ದೇವೆ. ಗ್ರಂಥರಕ್ಷಣೆಯ ದೃಷ್ಟಿಯಿಂದ ನೋಡಿದರೆ ಒಂದೇ ಕಡೆ ಒಂದೇ ಪ್ರತಿ ಇರಬಾರದೆಂಬ ತತ್ತ್ವ ಅದರಲ್ಲಿ ಅಡಗಿದೆ. ಇಂದಿನ ತಂತ್ರಜ್ಞರು 3-2-1 ಎಂದು ಕರೆಯುವ ಸೂತ್ರವೂ ಇದನ್ನೇ ಹೇಳುತ್ತದೆ: ಮೂರು ಪ್ರತಿಗಳಿರಲಿ, ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ.

ಲಿಪಿಕಾರನ ಪ್ರತಿಗೂ ಕಂಪ್ಯೂಟರಿನ ಪ್ರತಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಗ್ರಂಥಸಂಪಾದನೆಯನ್ನು ಕುರಿತು ಬರೆದ ಕೃತಿಗಳಲ್ಲಿ ಪ್ರತಿಯಿಂದ ಪ್ರತಿಗೆ ದೋಷಗಳು ಬೆಳೆಯುವ ಬಗೆಯ ವಿವರವಾದ ಚರ್ಚೆಯಿದೆ. ಕಂಪ್ಯೂಟರಿನಲ್ಲಿ ಪ್ರತಿಯು ಮೂಲಕ್ಕೆ ಅಕ್ಷರಶಃ ಸಮಾನವೇ ಎಂಬುದನ್ನು ಯಂತ್ರದಿಂದಲೇ ಪರೀಕ್ಷಿಸಬಹುದು. ಚೆಕ್‌ಸಮ್ ಎಂಬ ಗಣಿತಕ್ರಿಯೆ ಕಡತವೊಂದಕ್ಕೆ ಒಂದು ಉದ್ದನೆಯ ಗುರುತುಸಂಖ್ಯೆಯನ್ನು ಕೊಡುತ್ತದೆ. ಕಡತದಲ್ಲಿ ಒಂದೇ ಒಂದು ಅಂಶ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಮೂಲದ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಹತ್ತು ವರ್ಷಗಳ ಅನಂತರವೂ ಪ್ರತಿ ಶುದ್ಧವಾಗಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಪಾಠಾಂತರಗಳ ಗೋಜಿಲ್ಲದ ಪ್ರತಿಪರಂಪರೆ ಇದರಿಂದ ಸಾಧ್ಯವಾಗಿದೆ. ಆದರೆ ಪ್ರತಿ ಮಾಡುವವರು ಇದ್ದರೆ ಮಾತ್ರ.

8. ಕೈಗೊಳ್ಳಬೇಕಾದ ಕ್ರಮಗಳು

ಅ) ವಿಭಾಗದಲ್ಲಿರುವ ಮುದ್ರಿಕೆಗಳ ಪಟ್ಟಿ ಮಾಡಬೇಕು. ಹಸ್ತಪ್ರತಿಸೂಚಿಯ ಮಾದರಿಯಲ್ಲಿ ಕ್ರಮಸಂಖ್ಯೆ, ವಿಷಯ, ಹಾಡಿದವರು, ಊರು, ಸಂಗ್ರಾಹಕರು, ಬರೆದ ವರ್ಷ, ಬಳಸಿದ ಅಕ್ಷರಶೈಲಿ, ಕೊನೆಯ ಬಾರಿ ಓದಿದ ದಿನಾಂಕ ಇವಿಷ್ಟು ಅದರಲ್ಲಿರಲಿ.

ಆ) ಮರುಪ್ರತಿಗೆ ಮೊದಲು ಒಣಗಿದ ಮೃದುಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ವೃತ್ತಾಕಾರವಾಗಿ ಒರೆಸಿದರೆ ಗೀರು ಮಾಹಿತಿಯ ಗೆರೆಯ ಗುಂಟ ಸಾಗುತ್ತದೆ.

ಇ) ಓದಲು ತೊಡಕುಕೊಡುವ ಮುದ್ರಿಕೆಯನ್ನು ಬೇರೆ ಬೇರೆ ಡ್ರೈವ್‌ಗಳಲ್ಲಿ ಹಾಕಿ ನೋಡಬೇಕು. ಕಡತಗಳ ಮುದ್ರಿಕೆಯಾದರೆ, ಉಚಿತವಾಗಿ ದೊರೆಯುವ ಜಿ.ಎನ್.ಯು. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಮೊದಲು ಸುಲಭವಾಗಿ ಸಿಗುವ ಭಾಗಗಳನ್ನು ಓದಿಕೊಂಡು ಅನಂತರ ಕೆಟ್ಟ ಭಾಗಗಳನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದೇ ಮುದ್ರಿಕೆಯ ತದ್ರೂಪದ ಎರಡು ಪ್ರತಿಗಳಿದ್ದು ಎರಡೂ ಕೆಟ್ಟಿದ್ದರೆ, ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತುಂಬಿಕೊಳ್ಳಲೂ ಬರುತ್ತದೆ. ತ್ರುಟಿತ ಓಲೆಗಳೆರಡರಿಂದ ಪೂರ್ಣಪಾಠ ಕಟ್ಟುವ ಕೆಲಸಕ್ಕೆ ಇದು ಸಮಾನ.

ಈ) ಪ್ರತಿಗಳನ್ನು ಕನಿಷ್ಠ ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ವಿಶ್ವವಿದ್ಯಾಲಯದ ಸರ್ವರಿನಲ್ಲಿ ಅಥವಾ ಅಂತರಜಾಲದ ಸಂಗ್ರಹದಲ್ಲಿ ಇಡಬೇಕು. ಮೂರನೆಯದಾಗಿ ಹೊಸ ಡಿ.ವಿ.ಡಿ. ಅಥವಾ ಬ್ಲೂ-ರೇಯನ್ನು ಬಳಸಬಹುದು. ಒಮ್ಮೆ ಬರೆದದ್ದನ್ನು ವೈರಸ್ಸಾಗಲಿ ಕೈತಪ್ಪಾಗಲಿ ಅಳಿಸಲಾರದು ಎಂಬ ಗುಣದಿಂದ ಅಡಕಮುದ್ರಿಕೆಗೆ ಇಂದಿಗೂ ಒಂದು ಸ್ಥಾನವಿದೆ; ಏಕೈಕ ಪ್ರತಿಯ ಸ್ಥಾನ ಅದಕ್ಕೆ ಸಲ್ಲದು.

ಉ) ಹೊಸದಾಗಿ ಬರೆಯುವಾಗ ಬರೆದ ಕೂಡಲೇ ಮೂಲದೊಂದಿಗೆ ತಾಳೆ ನೋಡುವ ಆಯ್ಕೆಯನ್ನು ಬಳಸಬೇಕು, ಬೇರೆ ಯಂತ್ರಗಳಲ್ಲಿ ಓದಲು ಅನುಕೂಲವಾಗುವಂತೆ ಮುದ್ರಿಕೆಯನ್ನು ಸಮಾಪ್ತಿಗೊಳಿಸಬೇಕು. ಕಡತಗಳ ಹೆಸರುಗಳು ಚಿಕ್ಕದಾಗಿ ರೋಮನ್ ಅಕ್ಷರ ಮತ್ತು ಅಂಕಿಗಳಲ್ಲಿದ್ದರೆ ಎಲ್ಲ ಯಂತ್ರಗಳೂ ಅವನ್ನು ಗುರುತಿಸುತ್ತವೆ. ನೀರಿನ ಮಸಿಯ ಮೃದುಪೆನ್ನಿನಿಂದ ಹೆಸರು ಬರೆದು, ಗಟ್ಟಿ ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ, ಬಿಸಿಲು ತಾಗದೆಡೆ ಇಡಬೇಕು.

ಊ) ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರರು ತಮ್ಮ ಹೆಸರು, ಕಾಲ, ಯಾರಿಗಾಗಿ ಬರೆದದ್ದು ಎಂಬುದನ್ನು ಹೇಳುವ ಪುಷ್ಪಿಕೆಯಂತೆ ಪ್ರತಿಯೊಂದು ಸಂಗ್ರಹದಲ್ಲೂ ಯೂನಿಕೋಡ್ ಸರಳಪಠ್ಯದ ಒಂದು ಕಡತವಿರಬೇಕು. ಇದರಲ್ಲಿ ಏನಿದೆ, ಯಾರು ಯಾವಾಗ ಪ್ರತಿ ಮಾಡಿದರು, ಯಾವುದರಿಂದ ಮಾಡಿದರು, ಚೆಕ್‌ಸಮ್ ಏನು ಎಂಬುದು ಅಲ್ಲಿರಲಿ.

9. ಉಪಸಂಹಾರ

ಮೇಲಿನ ಕ್ರಮಗಳಿಗೆ ದೊಡ್ಡ ಅನುದಾನವಾಗಲಿ ವಿಶೇಷ ತಜ್ಞತೆಯಾಗಲಿ ಬೇಕಾಗಿಲ್ಲ. ಒಂದು ಹೊರಗಿನ ಡ್ರೈವ್, ಎರಡು ಹಾರ್ಡ್ ಡಿಸ್ಕ್, ಒಂದು ದಾಖಲೆ ಪುಸ್ತಕ, ವಾರಕ್ಕೆ ಕೆಲವು ಗಂಟೆ ಕೊಡಬಲ್ಲ ಇಬ್ಬರು ಸಂಶೋಧನ ವಿದ್ಯಾರ್ಥಿಗಳು ಇದ್ದರೆ ಒಂದು ವಿಭಾಗದ ಸಂಗ್ರಹವನ್ನು ಹಂತಹಂತವಾಗಿ ಓದಿಕೊಳ್ಳಬಹುದು. ಕೆಲಸದ ಆದ್ಯತೆಯನ್ನು ಮಾತ್ರ ಮೊದಲೇ ನಿರ್ಧರಿಸಿಕೊಳ್ಳಬೇಕು. ಹಾಡಿದವರು ಈಗ ಇಲ್ಲದಿರುವ ಧ್ವನಿಮುದ್ರಣಗಳು ಮೊದಲು; ಮೂಲ ಓಲೆ ನಷ್ಟವಾಗಿರುವ ಅಥವಾ ಮತ್ತೆ ನೋಡಲು ಸಿಗದಿರುವ ಹಸ್ತಪ್ರತಿಗಳ ಛಾಯಾಪ್ರತಿಗಳು ಅನಂತರ; ಹಳೆಯ ಅಕ್ಷರಶೈಲಿಗಳಲ್ಲಿರುವ ಅಪ್ರಕಟಿತ ಪಠ್ಯಗಳು ಆಮೇಲೆ; ಮುದ್ರಿತ ಪ್ರತಿಯಿರುವ ಪ್ರಬಂಧಗಳು ಕೊನೆಯಲ್ಲಿ. ಮರುಪ್ರತಿಯಾದ ಸಂಗ್ರಹವನ್ನು ಐದು ವರ್ಷಗಳಿಗೊಮ್ಮೆ ತಾಳೆ ನೋಡಿ ಹೊಸ ಮಾಧ್ಯಮಕ್ಕೆ ಏರಿಸುವ ಹೊಣೆಯನ್ನು ವಿಭಾಗದ ನಿಯತಕಾರ್ಯಗಳಲ್ಲಿ ಒಂದಾಗಿ ದಾಖಲಿಸುವುದು ಅವಶ್ಯಕ. ಸಂಗ್ರಾಹಕರು ನಿವೃತ್ತರಾದ ಬಳಿಕ ಮುದ್ರಿಕೆಯಲ್ಲಿನ ಧ್ವನಿ ಯಾರದು, ಊರು ಯಾವುದು ಎಂದು ಹೇಳುವವರೂ ಇರುವುದಿಲ್ಲವಾದ್ದರಿಂದ, ಪಟ್ಟಿ ಮಾಡುವ ಕೆಲಸವನ್ನು ಅವರ ಎದುರಿನಲ್ಲೇ ಈಗಲೇ ಆರಂಭಿಸಬೇಕಾಗಿದೆ.